ದೊಡ್ಡ ಗುಂಡು, ಹೆಚ್ಚು ಗುಂಡು: ಆತ್ಮರಕ್ಷಣೆಯ ಪಿಸ್ತೂಲಿನ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಈಚೆಗೆ ಬಂದ ಪತ್ರಗಳಲ್ಲಿ ಒಂದೇ ವಿಷಯ ಬೇರೆ ಬೇರೆ ಬಗೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. .45 (ಅಂದರೆ 0.45 ಇಂಚು ವ್ಯಾಸದ) ಅಥವಾ 10 ಎಂಎಂನಂಥ ದಪ್ಪ ಗುಂಡು ಹಾರಿಸುವ, ಒಮ್ಮೆ ತುಂಬಿದರೆ ಹನ್ನೆರಡು ಹದಿನೈದು ಸುತ್ತು ಬರುವ ಪಿಸ್ತೂಲನ್ನು ಆತ್ಮರಕ್ಷಣೆಗೆಂದು ಕೊಳ್ಳುವುದು, ಅದನ್ನು ಮೈಮೇಲೆ ಧರಿಸಿ ಓಡಾಡುವುದು ಎಷ್ಟರ ಮಟ್ಟಿಗೆ ಸರಿ ಎಂಬುದೇ ಆ ವಿಷಯ. ಆಯ್ದ ಕೆಲವು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬಂದೂಕು ಇರಬೇಕೇ ಬೇಡವೇ ಎಂಬ ದೊಡ್ಡ ವಾದಕ್ಕೆ ಕೈ ಹಾಕಿಲ್ಲ; ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿದವರು ಏನನ್ನು ತಿಳಿದಿರಲೇಬೇಕು ಎಂಬುದರ ಮೇಲೆ ಮಾತ್ರ ಗಮನವಿಟ್ಟಿದ್ದೇನೆ. ಪತ್ರ ಬರೆದವರ ಹೆಸರು, ಊರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: 9 ಎಂಎಂ ಗುಂಡು ತಾಗಿದರೂ ಎದುರಾಳಿ ದಾಳಿ ನಿಲ್ಲಿಸುವುದಿಲ್ಲ, .45 ಆದರೆ ಒಂದೇ ಏಟಿಗೆ ಉರುಳುತ್ತಾನೆ ಎಂದು ಸ್ನೇಹಿತರು ಹೇಳುತ್ತಾರೆ. ಅದಕ್ಕೇ 13 ಸುತ್ತಿನ .45 ಪಿಸ್ತೂಲೊಂದನ್ನು ನೋಡಿಟ್ಟಿದ್ದೇನೆ. ಇದು ಸರಿಯಾದ ಆಯ್ಕೆಯೇ?

ಉತ್ತರ: ನಿಮ್ಮ ಸ್ನೇಹಿತರ ಮಾತಿಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಫಿಲಿಪೀನ್ಸ್‌ನಲ್ಲಿ ಮೋರೋ ಹೋರಾಟಗಾರರನ್ನು ಎದುರಿಸಿದ ಅಮೆರಿಕದ ಸೈನಿಕರು ತಮ್ಮ .38 ರಿವಾಲ್ವರುಗಳ ಏಟು ಸಾಲುತ್ತಿಲ್ಲವೆಂದು ದೂರಿದರು. 1904ರಲ್ಲಿ ಥಾಮ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಸೇನಾಧಿಕಾರಿಗಳು ಚಿಕಾಗೋದ ಕಸಾಯಿಖಾನೆಗಳಲ್ಲಿ ಜಾನುವಾರುಗಳ ಮೇಲೆ ಬೇರೆ ಬೇರೆ ಗುಂಡುಗಳನ್ನು ಪರೀಕ್ಷಿಸಿ, ಸೈನ್ಯದ ಕೈಬಂದೂಕಿನ ಗುಂಡು .45ಕ್ಕಿಂತ ಕಡಿಮೆ ಇರಬಾರದೆಂದು ವರದಿ ಕೊಟ್ಟರು. ಜಾನ್ ಬ್ರೌನಿಂಗ್ ರೂಪಿಸಿದ .45 ಪಿಸ್ತೂಲನ್ನು ಸೈನ್ಯ 1911ರಲ್ಲಿ ಒಪ್ಪಿಕೊಂಡಿತು. ಅದರ ಮ್ಯಾಗಜೀನಿಗೆ, ಅಂದರೆ ಸುತ್ತುಗಳನ್ನು ತುಂಬಿಡುವ ಡಬ್ಬಿಗೆ, ಹಿಡಿಸುತ್ತಿದ್ದುದು 7 ಸುತ್ತು ಮಾತ್ರ. ದೊಡ್ಡ ಗುಂಡೆಂದರೆ ಖಚಿತವಾಗಿ ಕೆಡಹುವ ಗುಂಡು ಎಂಬ ನಂಬಿಕೆ ಅಲ್ಲಿಂದ ಬೇರೂರಿತು.

ಈಗ ಲೆಕ್ಕ ನೋಡೋಣ. ಸಾಮಾನ್ಯವಾದ .45 ಗುಂಡಿನ ತೂಕ ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 255 ಮೀಟರ್. 9 ಎಂಎಂ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸುಮಾರು 350 ಮೀಟರ್. ಎರಡರ ಚಲನಶಕ್ತಿಯನ್ನೂ ಲೆಕ್ಕ ಹಾಕಿದರೆ 500 ಜೌಲಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಂದು ಭಾರವಾಗಿ ನಿಧಾನವಾಗಿ ಹೋಗುತ್ತದೆ, ಇನ್ನೊಂದು ಹಗುರವಾಗಿ ಬೇಗ ಹೋಗುತ್ತದೆ, ಅಷ್ಟೆ. ಆದರೆ ತೂಕ ಮತ್ತು ವೇಗದ ಗುಣಲಬ್ಧವನ್ನು, ಅಂದರೆ ನಿಮ್ಮ ಕೈಗೆ ಬಡಿಯುವ ಒದೆತವನ್ನು ನಿರ್ಧರಿಸುವ ಅಂಶವನ್ನು ತೆಗೆದುಕೊಂಡರೆ, .45ರದು ಮೂರನೇ ಒಂದು ಭಾಗದಷ್ಟು ಹೆಚ್ಚು. ಪೂರ್ಣ ಬಲದ 10 ಎಂಎಂ ತೋಟೆಯ (ಗುಂಡು, ಮದ್ದು, ಕೋಶ ಸೇರಿದ ಇಡೀ ಸುತ್ತಿನ) ಶಕ್ತಿ ಮಾತ್ರ ಇವೆರಡನ್ನೂ ಮೀರಿಸುತ್ತದೆ; ಅದರ ಒದೆತವೂ ಹಾಗೆಯೇ.

ಇನ್ನು ಮನುಷ್ಯನನ್ನು ನಿಜವಾಗಿ ತಡೆದು ನಿಲ್ಲಿಸುವುದು ಯಾವುದು ಎಂಬ ಪ್ರಶ್ನೆ. ಪಿಸ್ತೂಲಿನ ಗುಂಡು ಯಾರನ್ನೂ ಹಿಂದಕ್ಕೆ ಎಸೆಯುವುದಿಲ್ಲ. ಹಾಗೆ ಎಸೆಯುವಷ್ಟು ಬಲ ಅದಕ್ಕಿದ್ದರೆ ಹಾರಿಸಿದವನೂ ಅಷ್ಟೇ ಬಲದಿಂದ ಹಿಂದಕ್ಕೆ ಬೀಳಬೇಕಾಗಿತ್ತು. ಗುಂಡು ಮೆದುಳನ್ನೋ ಬೆನ್ನುಹುರಿಯ ಮೇಲ್ಭಾಗವನ್ನೋ ಮುಟ್ಟಿದರೆ ಆ ಕ್ಷಣವೇ ಚಲನೆ ನಿಲ್ಲುತ್ತದೆ. ಉಳಿದ ಎಲ್ಲ ಸಂದರ್ಭಗಳಲ್ಲೂ ನಿಲ್ಲುವುದು ರಕ್ತಸ್ರಾವದಿಂದ, ಇಲ್ಲವೇ ಭಯದಿಂದ. ಹೃದಯವೇ ಒಡೆದುಹೋದರೂ ಮೆದುಳಿನಲ್ಲಿ ಉಳಿದ ಆಮ್ಲಜನಕದ ಬಲದಿಂದ ಮನುಷ್ಯ ಹತ್ತು ಹದಿನೈದು ಸೆಕೆಂಡು ತಾನು ಬಯಸಿದ್ದನ್ನು ಮಾಡಬಲ್ಲ. ಗುಂಡಿನ ವ್ಯಾಸದಲ್ಲಿರುವ ಎರಡೂವರೆ ಮಿಲಿಮೀಟರ್ ವ್ಯತ್ಯಾಸ, ಅಂದರೆ 9ಕ್ಕೂ 11.5ಕ್ಕೂ ಇರುವ ಅಂತರ, ಈ ಸತ್ಯವನ್ನು ಬದಲಾಯಿಸುವುದಿಲ್ಲ. ಗುಂಡು ಎಲ್ಲಿ ತಾಗಿತು, ಸಾಕಷ್ಟು ಆಳಕ್ಕೆ ಇಳಿಯಿತೇ ಎಂಬ ಎರಡೇ ಸಂಗತಿಗಳು ಮುಖ್ಯ.

ಇದನ್ನು ಅತ್ಯಂತ ದುಬಾರಿ ಬೆಲೆ ತೆತ್ತು ಕಲಿತದ್ದು ಅಮೆರಿಕದ ಎಫ್‌ಬಿಐ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರ ಜೊತೆ ನಡೆದ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತರು, ಐವರು ಗಾಯಗೊಂಡರು. ಕಾಳಗದ ಆರಂಭದಲ್ಲೇ ಒಂದು 9 ಎಂಎಂ ಗುಂಡು ದರೋಡೆಕೋರನೊಬ್ಬನ ತೋಳನ್ನು ತೂರಿ ಎದೆಯೊಳಗೆ ಹೋಯಿತು, ಆದರೆ ಹೃದಯಕ್ಕೆ ಇನ್ನಷ್ಟು ದೂರ ಇರುವಾಗಲೇ ನಿಂತುಬಿಟ್ಟಿತು. ಮಾರಣಾಂತಿಕವಾಗಿ ಗಾಯಗೊಂಡಿದ್ದ ಅವನು ಆ ಬಳಿಕವೂ ಗುಂಡು ಹಾರಿಸುತ್ತಲೇ ಹೋದ. ಎಫ್‌ಬಿಐ ತರುವಾಯ ಗುಂಡುಗಳನ್ನು ಮಾಂಸದ ಬದಲಿಗೆ ಬಳಸುವ ಜೆಲಟಿನ್ ಗಟ್ಟಿಗಳಲ್ಲಿ ಪರೀಕ್ಷಿಸುವ ಕ್ರಮವನ್ನು ರೂಢಿಸಿ, ಗುಂಡು ಕನಿಷ್ಠ 12 ಇಂಚು ಒಳಗಿಳಿಯಬೇಕು, 18 ಇಂಚಿನ ಆಚೆಗೆ ಹೋಗಬಾರದು ಎಂಬ ಅಳತೆಯನ್ನು ಮುಂದಿಟ್ಟಿತು. ಮೊದಲು 10 ಎಂಎಂ ಕಡೆಗೆ ಹೋಯಿತು. ಅದರ ಪೂರ್ಣ ಬಲದ ಒದೆತ ಅನೇಕರ ಕೈಗೆ ಒಗ್ಗದಿದ್ದಾಗ ಬಲ ತಗ್ಗಿಸಿದ ತೋಟೆ ಬಂತು, ಅದೇ ದಾರಿಯಲ್ಲಿ 1990ರಲ್ಲಿ .40 ಎಸ್ ಆ್ಯಂಡ್ ಡಬ್ಲ್ಯೂ ಎಂಬ ತೋಟೆ ಹುಟ್ಟಿತು. ಆ ಸಂಸ್ಥೆ ಮತ್ತೆ 9 ಎಂಎಂಗೆ ಮರಳಿದ್ದು ಸುಮಾರು ಮೂರು ದಶಕಗಳಾದ ಮೇಲೆ. ಅಷ್ಟರಲ್ಲಿ ಬದಲಾದದ್ದು ಗುಂಡಿನ ದಪ್ಪವಲ್ಲ, ಗುಂಡನ್ನು ತಯಾರಿಸುವ ವಿಧಾನ. ಇಂದಿನ ಒಳ್ಳೆಯ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿಯಿದ್ದು ದೇಹದೊಳಗೆ ಅರಳುವ) ಗುಂಡುಗಳಲ್ಲಿ 9 ಎಂಎಂ ಆಗಲಿ .45 ಆಗಲಿ ಸರಿಸುಮಾರು ಒಂದೇ ಆಳಕ್ಕೆ ಇಳಿಯುತ್ತವೆ, ಮತ್ತು 9 ಎಂಎಂನಲ್ಲಿ ಎರಡನೆಯ ಗುಂಡು ಗುರಿಗೆ ಬೇಗ ಸೇರುತ್ತದೆ.

ಆದ್ದರಿಂದ ನನ್ನ ಉತ್ತರ ಇದು. ನೀವು .45 ಪಿಸ್ತೂಲಿನಿಂದ, 9 ಎಂಎಂನಿಂದ ಹೊಡೆದಷ್ಟೇ ವೇಗವಾಗಿ, ಅಷ್ಟೇ ನಿಖರವಾಗಿ ಹೊಡೆಯಬಲ್ಲಿರಾದರೆ ಕೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ. ಅದು ನಂಬಿಗಸ್ತ ತೋಟೆ. ಆದರೆ ಒಂದೇ ಏಟಿಗೆ ಉರುಳಿಸುತ್ತದೆ ಎಂಬ ಭರವಸೆಯಿಂದ ಕೊಳ್ಳುವುದಾದರೆ ಬೇಡ. ಆ ಭರವಸೆ ನಿಮ್ಮನ್ನು ಅಭ್ಯಾಸದಿಂದ ದೂರ ಇಡುತ್ತದೆ. ಕೊಳ್ಳುವ ಮುನ್ನ ಎರಡೂ ಬಗೆಯ ಪಿಸ್ತೂಲನ್ನು ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಪಡೆದು, ಒಂದೇ ಅಂತರದಿಂದ ಐದೈದು ಗುಂಡುಗಳನ್ನು ಬಿಡುವಿಲ್ಲದೆ ಹಾರಿಸಿ, ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ್ನೇಹಿತರ ಮಾತಿಗಿಂತ ಆ ಕಾಗದ ಹೆಚ್ಚು ನಿಜ ಹೇಳುತ್ತದೆ.

ಪ್ರಶ್ನೆ: ಮನೆಯವರು ತಮಗಾಗಿ ಕೊಂಡ .45 ಪಿಸ್ತೂಲನ್ನೇ ನಾನೂ ಬಳಸಬೇಕೆನ್ನುತ್ತಾರೆ. ನನ್ನ ಕೈ ಚಿಕ್ಕದು. ಹಿಡಿ ದಪ್ಪವೆನಿಸುತ್ತದೆ, ನನ್ನ ಗುಂಡುಗಳೆಲ್ಲ ಎಡಕ್ಕೆ ಹೋಗುತ್ತವೆ. ಅಭ್ಯಾಸ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಅಮ್ಮಾ, ಇದು ಅಭ್ಯಾಸದ ಕೊರತೆಯಲ್ಲ, ಅಳತೆಯ ತೊಂದರೆ. .45 ತೋಟೆ 9 ಎಂಎಂ ತೋಟೆಗಿಂತ ದಪ್ಪ ಮಾತ್ರವಲ್ಲ, ಉದ್ದವೂ ಹೌದು. ಒಂದು ಸುಮಾರು 32 ಮಿಲಿಮೀಟರ್, ಇನ್ನೊಂದು 30ಕ್ಕೂ ತುಸು ಕಡಿಮೆ. ತೋಟೆಗಳನ್ನು ಎರಡು ಸಾಲಾಗಿ ಜೋಡಿಸಿ ಇಡುವ ಮ್ಯಾಗಜೀನು ಹಿಡಿಯ ಒಳಗೇ ಕೂರಬೇಕು. ಹಾಗಾಗಿ ಹಿಡಿ ಅಗಲವಾಗುವುದರ ಜೊತೆಗೆ ಹಿಂದುಮುಂದಿಗೂ ಬೆಳೆಯುತ್ತದೆ, ಟ್ರಿಗರ್ ಬೆರಳಿನಿಂದ ದೂರ ಸರಿಯುತ್ತದೆ. ಬ್ರೌನಿಂಗ್ ಆರಂಭಿಸಿ ಇತರರು ಮುಗಿಸಿದ ಹೈಪವರ್ ಪಿಸ್ತೂಲು 1935ರಲ್ಲೇ 13 ಸುತ್ತಿನ 9 ಎಂಎಂ ಆಗಿ ಬಂತು. ಕೆನಡಾದ ಪ್ಯಾರಾ ಆರ್ಡನನ್ಸ್‌ನ 14 ಸುತ್ತಿನ .45, ಗ್ಲಾಕ್ ಕಂಪನಿಯ 13 ಸುತ್ತಿನ ಮಾದರಿ 21 ಮುಂತಾದವು ಬರಲು 1990ರ ಆಸುಪಾಸಿನವರೆಗೆ ಕಾಯಬೇಕಾಯಿತು. ಅಷ್ಟೊಂದು ದಪ್ಪ ತೋಟೆಗಳನ್ನು ಮನುಷ್ಯನ ಅಂಗೈಗೆ ಒಗ್ಗುವ ಹಿಡಿಯೊಳಗೆ ತುರುಕುವುದು ಸುಲಭವಾಗಿರಲಿಲ್ಲ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ಮೊದಲು ಮ್ಯಾಗಜೀನು ತೆಗೆದು ಬೇರೆ ಕೋಣೆಯಲ್ಲಿಡಿ. ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲೆ ಹಿಂದುಮುಂದೆ ಜಾರುವ ಭಾಗವನ್ನು, ಪೂರ್ತಿ ಹಿಂದಕ್ಕೆಳೆದು ನಿಲ್ಲಿಸಿ, ತೋಟೆ ಕೂರುವ ಜಾಗವನ್ನು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿ ಮುಟ್ಟಿ ನೋಡಿ, ಮತ್ತೊಮ್ಮೆ ಕಣ್ಣಿನಿಂದ ನೋಡಿ. ಈ ಕ್ರಮದಲ್ಲಿ ಮ್ಯಾಗಜೀನೇ ಮೊದಲು ಹೊರಬರಬೇಕು. ಸ್ಲೈಡನ್ನು ಮೊದಲು ಎಳೆದರೆ ಒಳಗಿನ ತೋಟೆ ಹೊರಬಿದ್ದು, ಮ್ಯಾಗಜೀನಿನಿಂದ ಇನ್ನೊಂದು ಒಳಹೊಕ್ಕು ಕೂರುತ್ತದೆ, ಖಾಲಿ ಎಂದುಕೊಂಡ ಬಂದೂಕು ತುಂಬಿದ್ದಾಗಿರುತ್ತದೆ. ಅನಂತರ ಗುಂಡು ತೂರಲಾರದ ಗಟ್ಟಿ ಗೋಡೆಯತ್ತ ಮುಖ ಮಾಡಿ, ನಳಿಗೆಯೂ ಮುಂದೋಳಿನ ಮೂಳೆಯೂ ಒಂದೇ ಗೆರೆಯಲ್ಲಿರುವಂತೆ ಹಿಡಿಯಿರಿ. ಆ ಹಿಡಿತವನ್ನು ಸಡಿಲಿಸದೆ ತೋರುಬೆರಳಿನ ತುದಿಯ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ಕೂತು, ಬೆರಳಿಗೂ ಹಿಡಿಯ ಪಕ್ಕಕ್ಕೂ ನಡುವೆ ಸ್ವಲ್ಪ ಸಂದು ಉಳಿದರೆ ಪಿಸ್ತೂಲು ನಿಮ್ಮ ಅಳತೆಯದು. ಬೆರಳು ತಲುಪಿಸಲು ಪಿಸ್ತೂಲನ್ನು ಅಂಗೈಯಲ್ಲಿ ತಿರುಗಿಸಬೇಕಾಗಿ ಬಂದರೆ, ಅಥವಾ ಬೆರಳು ಪಿಸ್ತೂಲಿನ ಮೈಯನ್ನು ಉಜ್ಜುತ್ತಿದ್ದರೆ, ಅದು ನಿಮ್ಮದಲ್ಲ. ಬಲಗೈಯವರ ಗುಂಡು ಎಡಕ್ಕೆ ಹೋಗಲು ಇದೊಂದು ದೊಡ್ಡ ಕಾರಣ: ಟ್ರಿಗರನ್ನು ನೇರ ಹಿಂದಕ್ಕೆ ಎಳೆಯುವ ಬದಲು ಬೆರಳು ಪಕ್ಕಕ್ಕೆ ತಳ್ಳುತ್ತದೆ.

ಇನ್ನೊಂದು ಸಂಗತಿಯೂ ಇದೆ. ಅರೆಬರೆ ಹಿಡಿತದಲ್ಲಿ ಮಣಿಕಟ್ಟು ಸಡಿಲವಾದರೆ ಸ್ಲೈಡು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಖಾಲಿ ಕೋಶ ಹೊರಬೀಳದೆ ಸಿಕ್ಕಿಕೊಳ್ಳುತ್ತದೆ. ಮ್ಯಾಗಜೀನಿನಲ್ಲಿ ಹದಿಮೂರು ಸುತ್ತಿದ್ದರೂ ಆಗ ನಿಮಗೆ ದಕ್ಕಿದ್ದು ಒಂದೇ. ಮನೆಯವರಿಗೆ ಒಪ್ಪುವ ಪಿಸ್ತೂಲು ನಿಮಗೂ ಒಪ್ಪಬೇಕೆಂಬ ಹಟ ಬೇಡ. ನಿಮ್ಮ ಕೈಗೆ ಹೊಂದುವ 9 ಎಂಎಂ ಒಂದನ್ನು ನೀವೇ ಹೋಗಿ, ನೀವೇ ಹಿಡಿದು ನೋಡಿ ಆರಿಸಿಕೊಳ್ಳಿ. ಈ ವಿಷಯದಲ್ಲಿ ಉಡುಗೊರೆ ಸಲ್ಲದು.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಪಿಸ್ತೂಲು ಕೊಳ್ಳಬಹುದೇ? ಗೆಳೆಯನೊಬ್ಬ ಆಗಾಗ ರೇಂಜಿಗೆ ಕರೆಯುತ್ತಾನೆ.

ಉತ್ತರ: ಈ ಪತ್ರವನ್ನು ಓದಿ ನಿಜವಾಗಿ ಕಳವಳವಾಯಿತು, ಏಕೆಂದರೆ ಇದನ್ನು ತಿಳಿಯದೆ ತೊಂದರೆಗೆ ಸಿಕ್ಕಿಕೊಳ್ಳುವ ಸಾಧ್ಯತೆ ನಮ್ಮವರಿಗೇ ಹೆಚ್ಚು. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ವಲಸೆಯೇತರ ವೀಸಾದ ಮೇಲೆ ದೇಶಕ್ಕೆ ಬಂದವರು, ಅಂದರೆ ಎಚ್-1ಬಿ, ಎಚ್-4, ಎಫ್-1 ಮುಂತಾದವರು, ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವಂತಿಲ್ಲ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಸಾಮಾನ್ಯರಿಗೆ ಅನ್ವಯಿಸುವುದು, ಯಾವುದಾದರೂ ರಾಜ್ಯ ಕೊಟ್ಟ ಊರ್ಜಿತವಾದ ಬೇಟೆ ಪರವಾನಗಿ. ಹೊಂದುವುದು ಎಂದರೆ ಕೊಳ್ಳುವುದು ಮಾತ್ರವೆಂದು ತಿಳಿಯಬೇಡಿ. ರೇಂಜಿನಲ್ಲಿ ಬಾಡಿಗೆ ಬಂದೂಕನ್ನು ಕೈಗೆ ತೆಗೆದುಕೊಳ್ಳುವುದೂ ಅದರಲ್ಲಿ ಸೇರುತ್ತದೆ. ಅಪರಾಧ ಸಾಬೀತಾದರೆ 2022ರ ತಿದ್ದುಪಡಿಯ ಬಳಿಕ ಗರಿಷ್ಠ 15 ವರ್ಷಗಳ ಸೆರೆವಾಸವಿದೆ, ಜೊತೆಗೆ ಗಡೀಪಾರಿನ ಭಯವಿದೆ. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ.

ದಂಪತಿಗಳಲ್ಲಿ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ವೀಸಾದಲ್ಲಿದ್ದರೆ, ತಿಜೋರಿಯ ಸಂಖ್ಯೆಯೋ ಕೀಲಿಯೋ ವೀಸಾದವರ ಬಳಿ ಇರಕೂಡದು. ಬಂದೂಕು ಅವರ ಹತೋಟಿಗೆ ಎಟುಕುವಂತಿದ್ದರೆ ಅದನ್ನೂ ಹೊಂದಿದಂತೆಯೇ ಎಂದು ನ್ಯಾಯಾಲಯ ಭಾವಿಸಬಹುದು. ಬೇಟೆ ಪರವಾನಗಿ ಪಡೆದು ಮುಂದುವರಿಯುವ ಯೋಚನೆಯಿದ್ದರೆ ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣಿರಿ. ಅಂಗಡಿಯವರ ಮಾತನ್ನು ನಂಬಿ ಅರ್ಜಿಗೆ ಸಹಿ ಹಾಕಬೇಡಿ. ಗೆಳೆಯನ ಕರೆಗೆ ಸದ್ಯಕ್ಕೆ ಬೇಡವೆನ್ನಿ.

ಪ್ರಶ್ನೆ: ಮ್ಯಾಗಜೀನಿನಲ್ಲಿ ಎಷ್ಟು ಗುಂಡು ಇದ್ದರೆ ಸಾಕು? ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಅಪರಾಧವೆಂದು ಕೇಳಿದ್ದೇನೆ.

ಉತ್ತರ: ಎರಡನೆಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. 1994ರಿಂದ 2004ರವರೆಗೆ ಹತ್ತು ವರ್ಷ ಇಡೀ ಅಮೆರಿಕದಲ್ಲಿ, ಹತ್ತಕ್ಕಿಂತ ಹೆಚ್ಚು ಸುತ್ತಿನ ಹೊಸ ಮ್ಯಾಗಜೀನುಗಳನ್ನು ಸಾರ್ವಜನಿಕರಿಗೆ ಮಾರುವಂತಿರಲಿಲ್ಲ. ಹತ್ತೇ ಇರುವುದಾದರೆ ಹತ್ತೂ ದೊಡ್ಡದಾಗಿರಲಿ ಎಂಬ ತರ್ಕದಿಂದ ಆ ಕಾಲದಲ್ಲಿ ಚಿಕ್ಕ ಮೈಯ, ದಪ್ಪ ಗುಂಡಿನ ಪಿಸ್ತೂಲುಗಳಿಗೆ ಬೇಡಿಕೆ ಬಂತು. ಒಕ್ಕೂಟದ ಆ ಕಾನೂನು ಈಗಿಲ್ಲ. ಆದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂ ಜೆರ್ಸಿ, ಮ್ಯಾಸಚೂಸೆಟ್ಸ್ ರಾಜ್ಯಗಳು ಹತ್ತರ ಮಿತಿಯನ್ನು ತಮ್ಮದೇ ಕಾನೂನಿನಲ್ಲಿ ಇಟ್ಟುಕೊಂಡಿವೆ. ಕೊಲರಾಡೊ, ಇಲಿನಾಯ್‌ಗಳಲ್ಲಿ ಪಿಸ್ತೂಲಿಗೆ ಮಿತಿ 15. ಎಷ್ಟೋ ರಾಜ್ಯಗಳಲ್ಲಿ ಮಿತಿಯೇ ಇಲ್ಲ. ಈ ಕಾನೂನುಗಳ ಮೇಲೆ ನ್ಯಾಯಾಲಯಗಳಲ್ಲಿ ದಾವೆಗಳು ನಡೆಯುತ್ತಲೇ ಇರುವುದರಿಂದ, ಕೊಳ್ಳುವ ದಿನ ನಿಮ್ಮ ರಾಜ್ಯದ ಸ್ಥಿತಿಯನ್ನು ಹೊಸದಾಗಿ ನೋಡಿಕೊಳ್ಳಿ.

ಎಷ್ಟು ಸಾಕು ಎಂಬುದಕ್ಕೆ ಬರೋಣ. ನ್ಯೂಯಾರ್ಕ್ ನಗರದ ಪೊಲೀಸರ ಬಂದೂಕು ಬಳಕೆಯನ್ನು ಪರಿಶೀಲಿಸಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಅಂಕಿಯಿದೆ: ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಕಾಳಗಗಳಲ್ಲಿ ಪೊಲೀಸರು ಹಾರಿಸಿದ ಗುಂಡುಗಳ ಪೈಕಿ ಗುರಿ ಮುಟ್ಟಿದ್ದು ಶೇ 18ರಷ್ಟು ಮಾತ್ರ. ಹೆಚ್ಚು ಸುತ್ತು ಬೇಕೆನ್ನುವವರು ಈ ಅಂಕಿಯನ್ನು ತಮ್ಮ ಪರವಾಗಿ ತೋರಿಸುತ್ತಾರೆ, ಅದು ತಪ್ಪೂ ಅಲ್ಲ. ತರಬೇತಿ ಪಡೆದವರ ಗತಿಯೇ ಹೀಗಿರುವಾಗ, ಐದು ಸುತ್ತಿನ ರಿವಾಲ್ವರಿಗಿಂತ ಹದಿಮೂರು ಸುತ್ತಿನ ಪಿಸ್ತೂಲು ನೆಮ್ಮದಿ ಕೊಡುವುದು ಸಹಜ. ಆದರೆ ಅದೇ ಅಂಕಿಯ ಇನ್ನೊಂದು ಮುಖವನ್ನು ನಾನು ನಿಮ್ಮ ಮುಂದಿಡಲೇಬೇಕು. ನೂರಕ್ಕೆ ಎಂಬತ್ತೆರಡು ಗುಂಡುಗಳು ಬೇರೆ ಎಲ್ಲಿಗೋ ಹೋದವು. ಆ ಎಲ್ಲಿಗೋ ಎಂಬ ಜಾಗದಲ್ಲಿ ಕಾರುಗಳು, ಕಿಟಕಿಗಳು, ದಾರಿಹೋಕರು ಇರುತ್ತಾರೆ. ಪ್ರತಿ ಗುಂಡಿಗೂ ನೀವೇ ಹೊಣೆ, ತಪ್ಪಿದ ಗುಂಡಿಗೆ ಇನ್ನೂ ಹೆಚ್ಚು. ಹದಿನೈದು ಸುತ್ತುಗಳು ಇವೆಯೆಂಬ ಧೈರ್ಯದಿಂದ ಗುರಿಯಿಲ್ಲದೆ ಹಾರಿಸುವ ಅಭ್ಯಾಸ ಬೆಳೆಸಿಕೊಂಡವರಿಗೆ ಆರು ಸುತ್ತಿನದೇ ಸುರಕ್ಷಿತ. ನನ್ನ ಮಟ್ಟಿಗೆ ಹೇಳುವುದಾದರೆ, ಕಾನೂನು ಒಪ್ಪಿದಷ್ಟು, ಕೈಗೆ ಹಿಡಿಸಿದಷ್ಟು, ದಿನವಿಡೀ ಹೊರಲು ಸಾಧ್ಯವಾದಷ್ಟು ಇರಲಿ. ಸಂಖ್ಯೆಗಾಗಿ ಹಿಡಿತವನ್ನು ಬಿಟ್ಟುಕೊಡಬೇಡಿ.

ಪ್ರಶ್ನೆ: ಗೋಡೆ ತೂರಿ ಹೋಗದ ಗುಂಡು ಯಾವುದು?

ಉತ್ತರ: ಅಂಥ ಗುಂಡು ಇಲ್ಲ. ದಾಳಿಕೋರನ ದೇಹದಲ್ಲಿ ಬೇಕಾದಷ್ಟು ಆಳಕ್ಕೆ ಇಳಿಯುವ ಯಾವುದೇ ಗುಂಡು ಜಿಪ್ಸಮ್ ಹಲಗೆಯ ಒಳಗೋಡೆಗಳನ್ನು ಸಲೀಸಾಗಿ ದಾಟುತ್ತದೆ. ಪೂರ್ತಿ ಲೋಹದ ಹೊದಿಕೆಯ ಗುಂಡು ದೇಹವನ್ನೂ ದಾಟಿ ಆಚೆಯವರಿಗೆ ತಾಗಬಹುದಾದ್ದರಿಂದ ಅದನ್ನು ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡು, ರಕ್ಷಣೆಗೆ ಒಳಹೊಕ್ಕು ಅರಳಿ ನಿಲ್ಲುವ ಹಾಲೋ ಪಾಯಿಂಟನ್ನು ಬಳಸುವುದು ರೂಢಿ. ನ್ಯೂ ಜೆರ್ಸಿಯಲ್ಲಿ ಅದರ ಮೇಲೂ ನಿರ್ಬಂಧಗಳಿವೆ. ಮನೆಯ ಯಾವ ಕೋಣೆಯಲ್ಲಿ ಯಾರು ಮಲಗುತ್ತಾರೆ, ಯಾವ ದಿಕ್ಕಿಗೆ ಗುಂಡು ಹಾರಿಸುವಂತೆಯೇ ಇಲ್ಲ ಎಂಬುದನ್ನು ಹಗಲು ಹೊತ್ತಿನಲ್ಲಿ ನಡೆದಾಡಿ ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ಪರವಾನಗಿ ಸಿಕ್ಕಿದೆ. ದೊಡ್ಡ ಪಿಸ್ತೂಲನ್ನು ದಿನವೂ ಧರಿಸುವುದು ಹೇಗೆ? ತೋಟೆಯನ್ನು ನಳಿಗೆಗೆ ಏರಿಸಿಡಬೇಕೇ?

ಉತ್ತರ: ಒಂದೊಂದು .45 ತೋಟೆ ಸುಮಾರು 21 ಗ್ರಾಂ ತೂಗುತ್ತದೆ. ಹದಿಮೂರು ತುಂಬಿದ ಗ್ಲಾಕ್ 21 ಒಂದು ಕಿಲೋಗ್ರಾಂ ಮೀರುತ್ತದೆ. ಅಷ್ಟು ಭಾರವನ್ನು ಸಾಧಾರಣ ಬೆಲ್ಟು ತಾಳುವುದಿಲ್ಲ, ಜೋತುಬೀಳುತ್ತದೆ. ಜೋತುಬಿದ್ದದ್ದನ್ನು ಜನ ಗಮನಿಸುತ್ತಾರೆ, ನೀವೂ ಪದೇಪದೇ ಮುಟ್ಟಿ ಸರಿಮಾಡಿಕೊಳ್ಳುತ್ತೀರಿ. ಕೆಲವೇ ವಾರಗಳಲ್ಲಿ ಬೇಸತ್ತು ಕಾರಿನ ಡ್ರಾಯರಿನಲ್ಲಿ ಬಿಟ್ಟುಹೋಗುವವರು ಬಹಳ. ಬೀಗವಿಲ್ಲದ ಕಾರಿನಲ್ಲಿ ಬಿಟ್ಟ ಪಿಸ್ತೂಲು ಕಳ್ಳನ ಕೈಗೆ ನೀವೇ ಇತ್ತಂತೆ. ಮಧ್ಯಮ ಗಾತ್ರದ ಪಿಸ್ತೂಲನ್ನು ಧರಿಸಿ, ದೊಡ್ಡದನ್ನು ಮನೆಯಲ್ಲಿಡುವುದು ಹೆಚ್ಚಿನವರಿಗೆ ಒಗ್ಗುವ ಏರ್ಪಾಡು.

ಹೋಲ್‌ಸ್ಟರ್ (ಪಿಸ್ತೂಲು ಇಡುವ ಒರೆ) ವಿಷಯದಲ್ಲಿ ರಾಜಿ ಬೇಡವೇ ಬೇಡ. ಅದು ಟ್ರಿಗರನ್ನೂ ಅದರ ಸುತ್ತಲಿನ ಬಳೆಯನ್ನೂ ಗಟ್ಟಿಯಾಗಿ ಪೂರ್ತಿ ಮುಚ್ಚಬೇಕು, ಪಿಸ್ತೂಲನ್ನು ತೆಗೆದ ಮೇಲೂ ಅದರ ಬಾಯಿ ತೆರೆದೇ ಇರಬೇಕು. ಬಟ್ಟೆಯ ಮೆತ್ತನೆಯ ಚೀಲ, ಕೈಚೀಲದ ಒಳಜೇಬು, ಬರಿಯ ಸೊಂಟಪಟ್ಟಿ ಇವು ಯಾವುವೂ ಆಗದು. ಪಿಸ್ತೂಲು ತನ್ನಷ್ಟಕ್ಕೆ ಹಾರುವುದು ಅಪರೂಪ. ಆಕಸ್ಮಿಕಗಳು ಆಗುವುದು ಹೆಚ್ಚಾಗಿ ಅದನ್ನು ಹೋಲ್‌ಸ್ಟರಿಗೆ ಹಿಂತಿರುಗಿಸುವ ಹೊತ್ತಿನಲ್ಲಿ. ಜಾಕೆಟ್ಟಿನ ಕೆಳಗೆ ಜೋತಾಡುವ ದಾರದ ತುದಿಯ ಪುಟ್ಟ ಗುಂಡಿ, ಅಂಗಿಯ ಅಂಚಿನ ಮಡಿಕೆ, ಸವೆದು ಒಳಕ್ಕೆ ಬಾಗಿದ ಚರ್ಮದ ತುಟಿ, ಇವುಗಳಲ್ಲಿ ಯಾವುದಾದರೂ ಟ್ರಿಗರಿನ ಮುಂದೆ ಸಿಕ್ಕಿಕೊಳ್ಳುತ್ತದೆ, ಕೈ ಅವಸರದಲ್ಲಿ ಕೆಳಕ್ಕೆ ಒತ್ತುತ್ತದೆ, ಗುಂಡು ತೊಡೆಗೆ ಇಳಿಯುತ್ತದೆ. ಹೊರತೆಗೆಯುವಾಗ ಅವಸರ ಇರಬಹುದು, ಒಳಗಿಡುವಾಗ ಅವಸರಕ್ಕೆ ಕಾರಣವೇ ಇಲ್ಲ. ಅಂಗಿಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದು, ಕಣ್ಣಿನಿಂದ ನೋಡಿ, ನಿಧಾನವಾಗಿ ಇಳಿಸಿ. ಏನಾದರೂ ತಡೆ ಸಿಕ್ಕರೆ ಒತ್ತದೆ ಹೊರಗೆ ತೆಗೆಯಿರಿ. ಪಿಸ್ತೂಲು ಕೈಜಾರಿದರೆ ಬೀಳಲು ಬಿಡಿ. ಇಂದಿನ ಒಳ್ಳೆಯ ಪಿಸ್ತೂಲುಗಳು ಬಿದ್ದರೆ ಹಾರದಂತೆ ರಚನೆಯಾಗಿವೆ, ಆದರೆ ಗಾಳಿಯಲ್ಲಿ ಹಿಡಿಯಲು ಚಾಚಿದ ಬೆರಳು ನೇರ ಟ್ರಿಗರಿಗೇ ಸಿಗುತ್ತದೆ.

ತೋಟೆ ಏರಿಸಿಡುವ ಬಗ್ಗೆ: ಆತ್ಮರಕ್ಷಣೆಗೆ ಧರಿಸುವ ಪಿಸ್ತೂಲನ್ನು ತೋಟೆ ಏರಿಸಿಯೇ ಧರಿಸುವುದು ಅಮೆರಿಕದ ತರಬೇತುದಾರರ ಸಾಮಾನ್ಯ ಸಲಹೆ, ಏಕೆಂದರೆ ದಾಳಿ ನಡೆಯುವಾಗ ಎರಡೂ ಕೈ ಬಿಡುವಾಗಿರುತ್ತವೆ ಎನ್ನಲಾಗದು. ಈ ಸಲಹೆ ತರಬೇತಿ ಮುಗಿಸಿದವರಿಗೆ ಮಾತ್ರ ಸಲ್ಲುತ್ತದೆ. ಮಾಡಬೇಕಾದ್ದನ್ನು ಕೈ ತಾನಾಗಿ ಮಾಡುವವರೆಗೆ ಖಾಲಿ ಪಿಸ್ತೂಲಿನಿಂದ ಮನೆಯಲ್ಲಿ, ತುಂಬಿದ್ದರಿಂದ ರೇಂಜಿನಲ್ಲಿ ಅಭ್ಯಾಸ ಮಾಡಿ. ಕಿವಿಗೆ ರಕ್ಷಣೆಯಿಲ್ಲದೆ ಒಂದು ಗುಂಡನ್ನೂ ಹಾರಿಸಬೇಡಿ. ಮದ್ಯ ಸೇವಿಸುವ ಸಂಜೆ ಪಿಸ್ತೂಲು ತಿಜೋರಿಯಲ್ಲಿರಲಿ.

ಪ್ರಶ್ನೆ: ಮನೆಯಲ್ಲಿ ಎಂಟು ವರ್ಷದ ಮಗಳೂ ಹದಿನಾರರ ಮಗನೂ ಇದ್ದಾರೆ. ಪಿಸ್ತೂಲನ್ನು ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿ ಇಟ್ಟರೆ ಮಾತ್ರ ಸಮಯಕ್ಕೆ ಸಿಗುತ್ತದೆ ಎಂಬುದು ನನ್ನ ವಾದ. ಹೆಂಡತಿ ಒಪ್ಪುತ್ತಿಲ್ಲ.

ಉತ್ತರ: ನಿಮ್ಮ ಹೆಂಡತಿಯ ಮಾತೇ ಸರಿ. ಮಕ್ಕಳಿಗೆ ಡ್ರಾಯರಿನಲ್ಲಿ ಏನಿದೆಯೆಂದು ಗೊತ್ತಿಲ್ಲ ಎಂದು ತಂದೆತಾಯಿ ಅಂದುಕೊಂಡಿರುತ್ತಾರೆ, ಮಕ್ಕಳಿಗೆ ಗೊತ್ತಿರುತ್ತದೆ. ಮಗಳ ಬಗ್ಗೆ ನೀವು ಯೋಚಿಸಿದ್ದೀರಿ, ಆದರೆ ನನಗೆ ಹೆಚ್ಚು ಆತಂಕ ಮಗನ ಬಗ್ಗೆ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುವುದು ಆತ್ಮಹತ್ಯೆಯಿಂದ. ಪರೀಕ್ಷೆಯ ಸೋಲು, ಪ್ರೀತಿಯ ಸೋಲು, ಅವಮಾನ, ಇವು ಹದಿಹರೆಯದಲ್ಲಿ ಒಂದು ರಾತ್ರಿಯ ಮಟ್ಟಿಗೆ ಜಗತ್ತನ್ನೇ ಕತ್ತಲಾಗಿಸಬಲ್ಲವು. ಆ ರಾತ್ರಿ ಕೈಗೆ ಬಂದೂಕು ಸಿಗದಿದ್ದರೆ ಬಹಳಷ್ಟು ಮಕ್ಕಳು ಬೆಳಗು ಕಾಣುತ್ತಾರೆ. ಬಂದೂಕು ಸಿಕ್ಕರೆ ಎರಡನೆಯ ಅವಕಾಶ ಇರುವುದಿಲ್ಲ.

ಬೆರಳಿನ ಗುರುತಿಗಿಂತ ಗುಂಡಿ ಒತ್ತಿ ಸಂಖ್ಯೆ ಹಾಕುವ, ಗೋಡೆಗೋ ಮಂಚಕ್ಕೋ ಬೋಲ್ಟಿನಿಂದ ಬಿಗಿದ ಚಿಕ್ಕ ಉಕ್ಕಿನ ತಿಜೋರಿ ನನ್ನ ಆಯ್ಕೆ. ಸ್ವಲ್ಪ ರೂಢಿಯಾದರೆ ಕತ್ತಲಲ್ಲೂ ಕೆಲವೇ ಸೆಕೆಂಡುಗಳಲ್ಲಿ ತೆರೆಯುತ್ತದೆ. ಸಂಖ್ಯೆ ಹುಟ್ಟುಹಬ್ಬದ ದಿನಾಂಕವಾಗಿರಬಾರದು, ಕೀಲಿ ಮನೆಯ ಕೀಲಿಗೊಂಚಲಲ್ಲಿ ತೂಗಬಾರದು. ಮನೆಯಲ್ಲಿ ಯಾರಾದರೂ ಮಂಕಾಗಿದ್ದಾರೆ, ನಿದ್ದೆಗೆಟ್ಟಿದ್ದಾರೆ, ಮಾತು ಕಡಿಮೆ ಮಾಡಿದ್ದಾರೆ ಎನಿಸಿದರೆ, ಅದು ನೀವೇ ಆಗಿದ್ದರೂ ಸರಿ, ಪಿಸ್ತೂಲನ್ನು ಕೆಲವು ಕಾಲ ಮನೆಯಿಂದ ಹೊರಗೆ, ಕಾನೂನು ಒಪ್ಪುವ ಕಡೆ ಇರಿಸಿ, ವೈದ್ಯರೊಂದಿಗೆ ಮಾತನಾಡಿ. ಯಾವ ಕಳ್ಳನ ಭಯವೂ ಇದಕ್ಕಿಂತ ದೊಡ್ಡದಲ್ಲ.

ಪ್ರಶ್ನೆ: ರಾತ್ರಿ ನನ್ನ ಕಾರಿನ ಗಾಜು ಒಡೆಯುತ್ತಿದ್ದವನನ್ನು ಕಿಟಕಿಯಿಂದ ಕಂಡೆ. ಪಿಸ್ತೂಲು ಹಿಡಿದು ಹೊರಗೆ ಹೋಗಬೇಕಿತ್ತೇ?

ಉತ್ತರ: ಖಂಡಿತ ಇಲ್ಲ. ಪ್ರಾಣಹಾನಿಯ ಅಥವಾ ತೀವ್ರ ಗಾಯದ ಅಪಾಯ ಆ ಕ್ಷಣದಲ್ಲೇ ಎದುರಿಗಿದೆ ಎಂದು ವಿವೇಕವುಳ್ಳ ಯಾರಿಗಾದರೂ ಅನಿಸುವಂತಿದ್ದಾಗ ಮಾತ್ರ ಪ್ರಾಣಾಂತಿಕ ಬಲ ಬಳಸಬಹುದೆಂಬುದು ಅಮೆರಿಕದ ಬಹುಪಾಲು ರಾಜ್ಯಗಳ ಕಾನೂನಿನ ಸಾರ. ಕಾರು ಆಸ್ತಿ. ಕದ ಹಾಕಿ, ದೀಪ ಹಚ್ಚಿ, ಪೊಲೀಸರಿಗೆ ಕರೆ ಮಾಡಿದ್ದರೆ ನೀವು ಮಾಡಿದ್ದು ಸರಿಯಾಗಿದೆ. ಹೊರಗೆ ಹೋಗಿದ್ದರೆ ಅಪಾಯ ಇಲ್ಲದ ಕಡೆಯಿಂದ ಇರುವ ಕಡೆಗೆ ನೀವೇ ನಡೆದಂತೆ ಆಗುತ್ತಿತ್ತು. ಮೇಲಾಗಿ ಕತ್ತಲಲ್ಲಿ ಪಿಸ್ತೂಲು ಹಿಡಿದು ನಿಂತವನು ಮನೆಯ ಯಜಮಾನನೋ ದರೋಡೆಕೋರನೋ ಎಂದು ಆಗತಾನೇ ಬಂದಿಳಿದ ಪೊಲೀಸರಿಗೆ ತಿಳಿಯುವುದಿಲ್ಲ.

ಫ್ಲಾರಿಡಾದಲ್ಲಿ 2005ರಿಂದ ಇರುವಂಥ ಕಾನೂನುಗಳು, ಇರಲು ಹಕ್ಕಿರುವ ಜಾಗದಲ್ಲಿ ಹಿಂದೆ ಸರಿಯುವ ಕರ್ತವ್ಯವಿಲ್ಲವೆನ್ನುತ್ತವೆ. ನ್ಯೂಯಾರ್ಕ್, ನ್ಯೂ ಜೆರ್ಸಿಗಳಲ್ಲಿ ಮನೆಯ ಹೊರಗೆ, ಸುರಕ್ಷಿತವಾಗಿ ಸರಿಯಲು ಸಾಧ್ಯವಿದ್ದರೆ ಸರಿಯಬೇಕು. ಕಾನೂನು ಏನೇ ಅನ್ನಲಿ, ಸರಿಯಲು ದಾರಿ ಇದ್ದಾಗ ಸರಿಯುವುದೇ ಮೇಲು. ಪಿಸ್ತೂಲು ಧರಿಸಿದವರು ದಾರಿಯ ಜಗಳ, ಪಾರ್ಕಿಂಗಿನ ವಾಗ್ವಾದ, ಬೈಗುಳ ಇವನ್ನೆಲ್ಲ ಉಳಿದವರಿಗಿಂತ ಹೆಚ್ಚು ನುಂಗಿಕೊಳ್ಳಬೇಕು, ಏಕೆಂದರೆ ಅವರು ಭಾಗಿಯಾದ ಯಾವುದೇ ಜಗಳದಲ್ಲಿ ಒಂದು ಬಂದೂಕು ಇದ್ದೇ ಇರುತ್ತದೆ. ಹೆದರಿಸಲೆಂದು ತೆಗೆದು ತೋರಿಸುವುದೂ ಅಪರಾಧವಾಗಬಹುದು.

ಪ್ರಶ್ನೆ: ಒಂದು ರಾಜ್ಯದ ಪರವಾನಗಿ ಇನ್ನೊಂದರಲ್ಲಿ ನಡೆಯುತ್ತದೆಯೇ? ವಿಮಾನದಲ್ಲಿ?

ಉತ್ತರ: ಹೊರಗೆ ಪಿಸ್ತೂಲು ಧರಿಸುವ ಹಕ್ಕನ್ನು ಸುಪ್ರೀಂ ಕೋರ್ಟ್ 2022ರ ಬ್ರೂಯೆನ್ ತೀರ್ಪಿನಲ್ಲಿ ಎತ್ತಿಹಿಡಿದಿದೆ ನಿಜ, ಆದರೆ ಪರವಾನಗಿಯ ನಿಯಮಗಳನ್ನು ಮಾಡುವುದು ಈಗಲೂ ಆಯಾ ರಾಜ್ಯವೇ. ಕೆಲವು ರಾಜ್ಯಗಳು ಪರಸ್ಪರರ ಪರವಾನಗಿ ಒಪ್ಪುತ್ತವೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಬೇರೆ ಯಾವ ರಾಜ್ಯದ್ದನ್ನೂ ಒಪ್ಪುವುದಿಲ್ಲ. ಒಪ್ಪದ ರಾಜ್ಯವನ್ನು ಕಾರಿನಲ್ಲಿ ಹಾದುಹೋಗುವವರಿಗೆ 1986ರ ಒಕ್ಕೂಟ ಕಾನೂನೊಂದರ ರಕ್ಷಣೆಯಿದೆ, ಆದರೆ ಹೊರಟ ಊರಿನಲ್ಲೂ ತಲುಪುವ ಊರಿನಲ್ಲೂ ನಿಮ್ಮ ಪಿಸ್ತೂಲು ಕಾನೂನುಬದ್ಧವಾಗಿರಬೇಕು, ಅದು ಖಾಲಿಯಾಗಿರಬೇಕು, ಅದೂ ತೋಟೆಗಳೂ ಸವಾರರ ಕೈಗೆಟುಕದ ಕಡೆ, ಅಂದರೆ ಡಿಕ್ಕಿಯಲ್ಲಿ ಇರಬೇಕು. ಡಿಕ್ಕಿಯೇ ಇಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆ ಬೇಕು. ಡ್ಯಾಶ್‌ಬೋರ್ಡಿನ ಡ್ರಾಯರ್ ಆ ಲೆಕ್ಕಕ್ಕೆ ಬರುವುದಿಲ್ಲ. ಹಾದುಹೋಗುವುದೆಂದರೆ ಹಾದುಹೋಗುವುದೇ, ನಡುವೆ ನೆಂಟರ ಮನೆಯಲ್ಲಿ ಎರಡು ದಿನ ಉಳಿದರೆ ಆ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಹೆಚ್ಚು ಸುತ್ತಿನ ಮ್ಯಾಗಜೀನು ಇದ್ದವರು ಹತ್ತರ ಮಿತಿಯ ರಾಜ್ಯಗಳನ್ನು ತಪ್ಪಿಸಿ ಸುತ್ತಿಹೋಗುವ ದಾರಿ ಹಿಡಿಯುವುದು, ಇಲ್ಲವೇ ಆ ಪ್ರಯಾಣಕ್ಕೆ ಹತ್ತರ ಮ್ಯಾಗಜೀನನ್ನಷ್ಟೇ ಒಯ್ಯುವುದು ಒಳ್ಳೆಯದು.

ವಿಮಾನದಲ್ಲಾದರೆ ಪಿಸ್ತೂಲು ಖಾಲಿಯಾಗಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಚೆಕ್‌ಇನ್ ಸಾಮಾನಿನಲ್ಲಿ ಮಾತ್ರ ಹೋಗಬಹುದು, ಮತ್ತು ಕೌಂಟರಿನಲ್ಲಿ ಮೊದಲೇ ಬಾಯಿಬಿಟ್ಟು ಹೇಳಬೇಕು. ಧರಿಸುವ ರೂಢಿಯಿರುವವರು ಕೈಚೀಲದಲ್ಲಿ ಮರೆತು ಭದ್ರತಾ ತಪಾಸಣೆಯವರೆಗೆ ಹೋಗಿ ಸಿಕ್ಕಿಬೀಳುವುದು ಅಲ್ಲಿ ದಿನನಿತ್ಯದ ಸಂಗತಿ. ಆದ್ದರಿಂದ ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಎಂದೂ ಬಳಸಬೇಡಿ. ಅದರ ಹೊಲಿಗೆಯ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟೆಯೂ ನಿಮ್ಮನ್ನು ವಿಮಾನ ನಿಲ್ದಾಣದಲ್ಲಿ ತಡೆದು ನಿಲ್ಲಿಸುತ್ತದೆ.